ಹೊಳೆವ್ವ ಬೇಡಿಕೊಂಡ ದೇವರು

ಪರಸವ್ವನಿಗೆ ಇವತ್ತೇ ಹೆರಿಗೆಯ ಬ್ಯಾನಿ ಶುರುವಾಗಿಬಿಟ್ಟರೆ?

ಹಾಲು ಒಲೆಯ ಮೇಲಿಟ್ಟಾಗ ಈ ಚಿಂತೆ ಬರುತ್ತಿತ್ತು, ಹಾಲು ಉಕ್ಕಿ ಒಲೆ ಆರಿದ ಮೇಲೂ ಹೋಗುತ್ತಿರಲಿಲ್ಲ. ಮಗಳ ಬಟ್ಟೆ ಹಿಂಡುವಾಗ, ಹಗ್ಗದ ಮೇಲೆ ಹರವುವಾಗ, ಅವಳನ್ನು ತೊಟ್ಟಿಲಲ್ಲಿ ಮಲಗಿಸಿ ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಕೈ ಹಿಡಿಯುವಾಗ, ಅದೇ. ಪರಸವ್ವ ನನ್ನ ತಂಗಿಯಲ್ಲ, ನಾದಿನಿಯೂ ಅಲ್ಲ. ನಮ್ಮ ಮನೆಗೆ ಹಾಲು ಹಾಕುವ, ಮಧ್ಯಾಹ್ನದವರೆಗೆ ನನ್ನ ಕೂಸನ್ನು ಆಡಿಸುವ ಹೊಳೆವ್ವನ ಒಬ್ಬಳೇ ಮಗಳು. ಬಬಲೇಶ್ವರಕ್ಕೆ ಕೊಟ್ಟಿದ್ದರು. ಹಡೆದ ಎರಡು ಕೂಸುಗಳನ್ನು ಮಣ್ಣಿಗಿಟ್ಟು, ಈಗ ಮತ್ತೆ ದಿನ ತುಂಬಿಕೊಂಡು ಕೂತಿದ್ದಳು. ತಾಯಿ ಬಂದು ಕರೆದೊಯ್ಯಲೆಂದು ಅವಳು ಕಾಯುತ್ತಿದ್ದಳು. ತಾಯಿ ಹೋಗುವುದಿಲ್ಲ ಎಂದು ಕೂತಿದ್ದಳು. ಯಾಕೆ ಎನ್ನುವುದು ನನಗೆ ಗೊತ್ತಿತ್ತು, ಆದರೆ ನಾನು ಬಾಯಿ ಬಿಡುವಂತಿರಲಿಲ್ಲ.

ಹೊಳೆವ್ವ ಪಕ್ಕದ ಇಟ್ಟಂಗಿಹಾಳದವಳು. ಕುರಿ ಸಾಕುವ ಮನೆತನ. ಡೋಣಿ ನದಿಯ ದಂಡೆಯಲ್ಲಿ ಕುರಿದಡ್ಡಿ ಹಾಕಿದ್ದಾಗ ಹುಟ್ಟಿದಳೆಂದು ಅವಳಿಗೆ ಆ ಹೆಸರು. ಅವಳ ಗಂಡ ಅಮೋಘಿ ದಸರೆ ಮುಗಿದೊಡನೆ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋದರೆ ಮಳೆ ಬಿದ್ದ ಮೇಲೆಯೇ ಮನೆಗೆ. ಅವರ ಮನೆದೇವರು ಅಮೋಘಸಿದ್ಧ. ಗಂಡನ ಹೆಸರು ಹೇಳಬಾರದೆಂದು ಅವಳು ದೇವರ ಹೆಸರನ್ನೂ ಹೇಳುತ್ತಿರಲಿಲ್ಲ. ದೇವರು ‘ಮುತ್ಯಾ’, ಗಂಡ ‘ಕುರಿಯಾಂವ’.

ನನಗೆ ತಾಯಿ ಇಲ್ಲ. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು. ನಮ್ಮವರ ಊರು ತಿಕೋಟಾ. ಅವರು ವಿಜಾಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರರು. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಬಾಣಂತನವನ್ನು ಅತ್ತೆಯೇ ಮಾಡಿದರು. ಅದು ಮುಗಿದು ಅವರು ತಿಕೋಟಾದ ಬಸ್ಸು ಹತ್ತಿದ ದಿನ ನಾನು ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಹಾಲು ಹಾಕಲು ಬಂದಿದ್ದ ಹೊಳೆವ್ವ ತಂಬಿಗೆ ಕೆಳಗಿಟ್ಟು ಕೇಳಿದಳು.

“ಯಾಕ ಬೇ, ಯಾರರ ಸತ್ತಾರೇನು?”

“ಇಲ್ಲ ಹೊಳೆವ್ವ. ಕೂಸು ಬೆಳಿಗ್ಗಿಂದ ಮೂರು ಸರ್ತಿ ಸೀನೇತಿ.”

ಅವಳು ಬಾಯಿಗೆ ಸೆರಗು ಹಿಡಿದು ನಕ್ಕದ್ದು ಇನ್ನೂ ನೆನಪಿದೆ. ಅಂದಿನಿಂದ ಹಾಲು ಹಾಕಿದ ಮೇಲೆ ಒಂದಿಷ್ಟು ಹೊತ್ತು ಕೂರತೊಡಗಿದಳು. ನನ್ನ ಮಗಳಿಗೆ ‘ಗುಬ್ಬಿ’ ಎಂದು ಹೆಸರಿಟ್ಟಳು. ನನ್ನನ್ನು ಕೆಣಕುವುದೆಂದರೆ ಅವಳಿಗೆ ಎಲೆಅಡಿಕೆ ಹಾಕಿಕೊಂಡಷ್ಟು ಖುಷಿ.

“ಗಡಿಯಾರ ನೋಡಿ ಹಾಲ ಕುಡಸ್ತೀಯಲ್ಲ ತಂಗಿ, ನಿನ್ನ ಕೂಸಿಗಿ ಗಡಿಯಾರ ಓದಾಕ ಬರ್ತೈತೇನು?”

“ಪುಸ್ತಕದಾಗ ಹಂಗ ಬರದಾರ, ಹೊಳೆವ್ವ.”

“ಬರದಾಂವ ಹಡದಿದ್ದನೇನು?”

ಅವಳ ಕೈ ನೋಡಿದರೆ ನನ್ನ ಭಯ ಅರ್ಧ ಇಳಿಯುತ್ತಿತ್ತು. ದೊಡ್ಡ, ಒರಟು, ಕುರಿಯ ಜಿಡ್ಡಿನ ವಾಸನೆಯ ಕೈ. ಹೊಟ್ಟೆಯಲ್ಲಿ ಅಡ್ಡ ತಿರುಗಿದ ಮರಿಯನ್ನು ಆ ಕೈಯಿಂದಲೇ ಸರಿಮಾಡಿ ಈಚೆ ತೆಗೆಯುತ್ತಿದ್ದಳಂತೆ. ಪರಸವ್ವನ ಎರಡೂ ಕೂಸುಗಳನ್ನು ಹಿಡಿದದ್ದೂ ಅದೇ ಕೈ. ಮೊದಲನೆಯದು ಅಳಲೇ ಇಲ್ಲ. ಎರಡನೆಯದು ಅತ್ತಿತು, ತೊಟ್ಟಿಲಿಗೆ ಹಾಕುವ ಮೊದಲೇ ಸುಮ್ಮನಾಯಿತು. ಅದನ್ನು ಹೇಳುವಾಗ ಹೊಳೆವ್ವ ಅಳುತ್ತಿರಲಿಲ್ಲ. ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ಬೇರೆ ಯಾರದೋ ಸಾಮಾನು ತನ್ನ ಹತ್ತಿರ ಉಳಿದುಬಿಟ್ಟಿದೆ ಎನ್ನುವ ಹಾಗೆ ನೋಡುತ್ತಿದ್ದಳು.

“ಇಷ್ಟು ಮರಿ ಬದಕ್ಯಾವ ಈ ಕೈಯಾಗ. ಮಗಳ ಕೂಸಿಗಿ ಮಾತ್ರ ಈ ಕೈ ಆಗಿಬರಲಿಲ್ಲ ನೋಡ ಯವ್ವಾ.”

ಮೂರನೆಯ ಬಸಿರೆಂದು ಗೊತ್ತಾದಾಗ ನಾನೇ ಒತ್ತಾಯ ಮಾಡಿ, ಪರಸವ್ವ ದೀಪಾವಳಿಗೆ ಬಂದಿದ್ದ ಹೊತ್ತಿನಲ್ಲಿ, ಅವಳನ್ನು ಹೆಣ್ಣು ಡಾಕ್ಟರರ ಹತ್ತಿರ ಕರೆದೊಯ್ದೆ. ಸಣ್ಣ ಮೈಕಟ್ಟಿನ ಹುಡುಗಿ, ನನಗಿಂತ ಚಿಕ್ಕವಳು, ಕೇಳಿದ್ದಕ್ಕೆಲ್ಲ ತಾಯಿಯ ಮುಖ ನೋಡುತ್ತಿದ್ದಳು. ಡಾಕ್ಟರು ಕೈ ತೊಳೆದುಕೊಂಡು ಹೇಳಿದ್ದು ಇಷ್ಟು: ದಾರಿ ಸಣ್ಣದಿದೆ, ಮನೆಯಲ್ಲಿ ಹೆರಿಗೆ ಮಾಡಿಸಬೇಡಿ, ಏಳನೇ ತಿಂಗಳಿಗೇ ಇಲ್ಲಿಗೆ ಕರೆತಂದು ಇಟ್ಟುಕೊಳ್ಳಿ, ಹೊಟ್ಟೆ ಕೊಯ್ದು ತೆಗೆಯಬೇಕಾಗಬಹುದು. ಹೊಳೆವ್ವ ಎಲ್ಲದಕ್ಕೂ ಹೂಂ ಎಂದಳು. ಸಂಕ್ರಾಂತಿಗೆ ಕರೆಯಲು ಹೋಗುವುದೆಂದು ಅಲ್ಲಿಯೇ ಗೊತ್ತುಮಾಡಿದಳು.

ಆ ಡಿಸೆಂಬರ್ ರಜೆಯಲ್ಲಿ ನಮ್ಮವರಿಗೆ ಐಹೊಳೆಗೆ ಹೋಗಿ ಹಳೆಯ ಗುಡಿಗಳ ಚಿತ್ರ ಬರೆಯುವ ಹುಚ್ಚು ಹತ್ತಿತು. ಕೂಸನ್ನು ಬಿಟ್ಟು ನಾನು ಬರುವುದಿಲ್ಲ, ಕೂಸನ್ನು ಕರೆದುಕೊಂಡು ಹೋಗಲು ಧೈರ್ಯವಿಲ್ಲ. “ಹೊಳೆವ್ವನ್ನ ಕರಕೊಂಡು ನಡಿ” ಎಂದರು. ಗುಡಿ ಎಂದ ಕೂಡಲೆ ಅವಳು ಒಪ್ಪಿದಳು. ಬಾಗಲಕೋಟೆಯವರೆಗೆ ರೈಲು, ಅಲ್ಲಿಂದ ಬಸ್ಸು. ಕಾಯಿಸಿ ಆರಿಸಿದ ನೀರಿನ ಥರ್ಮಾಸನ್ನು ನಾನು ದಾರಿಯುದ್ದಕ್ಕೂ ಮಡಿಲಿನಿಂದ ಇಳಿಸಲಿಲ್ಲ. ಕೂಸು ಹೊಳೆವ್ವನ ಮಡಿಲಲ್ಲಿ ನಿದ್ದೆ ಹೋಗಿತ್ತು.

ಕೆಳಗಿನ ದೊಡ್ಡ ಗುಡಿಯ ಸುತ್ತ ಸರಕಾರದವರು ತೋಟ ಮಾಡಿದ್ದರು. ಹಸಿರು ಹುಲ್ಲುಹಾಸು, ಕತ್ತರಿಸಿ ಸಮ ಮಾಡಿದ ಬೇಲಿ, ಕೆಂಪು ದಾಸವಾಳ, ಕಣಗಿಲೆ. ಮಾಲಿ ರಬ್ಬರಿನ ಪೈಪು ಹಿಡಿದು ನೀರು ಬಿಡುತ್ತಿದ್ದ. ಹೊಳೆವ್ವ ಹುಲ್ಲಿನ ಅಂಚಿಗೆ ನಿಂತುಬಿಟ್ಟಳು.

“ಇಷ್ಟು ಹುಲ್ಲ ಯಾರಿಗಿ ಬೆಳಸೀದಿ ತಮ್ಮಾ?”

“ಯಾರಿಗೂ ಇಲ್ಲವಾ. ಚಂದ ಕಾಣಲಿ ಅಂತ.”

“ಒಂದ ಕುರೀನೂ ಬಿಡೂದಿಲ್ಲ?”

“ಕುರಿ ಬಿಟ್ಟರ ನನ್ನ ನೌಕರಿ ಹೊಕ್ಕೈತಿ.”

“ಹುಚ್ಚ ಸರಕಾರ” ಎಂದು ಅವಳು ನನ್ನ ಕಡೆ ತಿರುಗಿದಳು. “ನಮ್ಮ ಕುರಿಯಾಂವ ಇದನ್ನ ನೋಡಿದ್ರ ಇಲ್ಲೇ ಕುಂತು ಅಳತಿದ್ದ.”

ಅವಳು ಬಾಯಿತುಂಬ ನಕ್ಕದ್ದನ್ನು ನಾನು ನೋಡಿದ್ದು ಅಲ್ಲಿಯೇ ಕೊನೆ.

ಊರ ಹಿಂದಿನ ಗುಡ್ಡದ ಮೆಟ್ಟಿಲು ಹತ್ತಿದರೆ ಅರ್ಧದಲ್ಲಿ ಒಂದು ಬೌದ್ಧ ಗುಡಿ ಇದೆ. ಎರಡು ಅಂತಸ್ತು. ಹಿಂದಿನ ಅರ್ಧ ಬಂಡೆಯೊಳಗೇ ಕೊರೆದದ್ದು, ಮುಂದೆ ದಪ್ಪ ಕಂಬಗಳು. ನಮ್ಮವರು ಹೊರಗೆ ಬಂಡೆಯ ಮೇಲೆ ಕೂತು ಕಾಗದ ಬಿಚ್ಚಿದರು. ಕಾವಲಿಗಿದ್ದ ಗೈಬುಸಾಬ ಎಂಬ ಮುದುಕ ಕಣ್ಣುಜ್ಜಿಕೊಳ್ಳುತ್ತ ಎದ್ದು ನಮ್ಮೊಡನೆ ಒಳಗೆ ಬಂದ. ಒಳಗೆ ತಂಪಿತ್ತು, ಬಾವಲಿಯ ವಾಸನೆಯಿತ್ತು. ಕೂಸಿಗೆ ಶೀತವಾದೀತೆಂದು ನಾನು ಕಿವಿ ಮುಚ್ಚುವಂತೆ ಟೊಪ್ಪಿಗೆ ಎಳೆದೆ. ಅಷ್ಟರಲ್ಲಿ ಹೊಳೆವ್ವ “ಯಪ್ಪಾ!” ಎಂದಳು.

ಕಲ್ಲಿನ ಮೂರ್ತಿಯೊಂದು ಚಕ್ಕಳಮಕ್ಕಳ ಹಾಕಿ ಕೂತಿತ್ತು. ತಲೆಯಿಲ್ಲ. ಯಾವ ಕಾಲದಲ್ಲಿ ಹೋಯಿತೋ. ಎಡಗಡೆಯ ಹೆಗಲ ಮೇಲೆ ಮಾತ್ರ ಬಟ್ಟೆ, ಬಲಗಡೆ ಬರಿಮೈ.

“ಕಂಬಳಿ ಹೊತ್ತಾನ ನೋಡ ತಂಗಿ! ಎಡಗಡೆ ಹೆಗಲಮ್ಯಾಲ. ಮುತ್ಯಾ ಇಲ್ಲಿತನಕ ಬಂದು ಕುಂತಾನ!”

“ತಲಿ ಇಲ್ಲಲ್ಲ ಹೊಳೆವ್ವ.”

“ಬೇಡಾವ್ರಿಗಿ ಪಾದ ಇದ್ರ ಸಾಕು.”

ಸೊಂಟದ ಚೀಲ ಬಿಚ್ಚಿ ಭಂಡಾರ ತೆಗೆದಳು. ತಮ್ಮ ದೇವರಿಗೆ ಎರಚುವ ಅರಿಶಿನದ ಪುಡಿ ಅದು, ಅದಿಲ್ಲದೆ ಅವಳು ಮನೆ ಬಿಡುತ್ತಿರಲಿಲ್ಲ. “ಚಾಂಗಭಲೋ!” ಎಂದು ಜಯಕಾರ ಕೂಗಿ ಎರಚಿದಳು. ಬಂಡೆಯೊಳಗೆ ಆ ಕೂಗು ಎಷ್ಟು ದೊಡ್ಡದಾಗಿ ಕೇಳಿತೆಂದರೆ ಕೂಸು ಬೆಚ್ಚಿ ಅತ್ತಿತು.

“ಹಳದಿ ಹಚ್ಚಬ್ಯಾಡ್ರವಾ! ಸರಕಾರಿ ಕಲ್ಲ ಐತಿ, ಸಾಹೇಬ್ರು ನನ್ನ ಚರ್ಮ ಸುಲೀತಾರ” ಎಂದು ಗೈಬುಸಾಬ ಓಡಿಬಂದ.

ಅವಳು ಕೇಳಿಸಿಕೊಳ್ಳಲಿಲ್ಲ. ಹಣೆಯನ್ನು ಕಲ್ಲಿನ ಪಾದಕ್ಕೆ ಒತ್ತಿ ಹರಕೆ ಹೊತ್ತಳು. ಪರಸಿಯ ಕೂಸನ್ನು ಉಳಿಸಿಕೊಡು, ಹೊಸ ಕರಿ ಕಂಬಳಿ ಹೊದಿಸುತ್ತೇನೆ, ನೀನು ಏನು ಕೇಳಿದರೂ ಇಲ್ಲ ಅನ್ನುವುದಿಲ್ಲ. ಕೊನೆಯ ಮಾತನ್ನು ಎರಡು ಸಲ ಹೇಳಿದಳು. ಪಾದದ ಮೇಲಿನ ಚಿಟಿಕೆ ಭಂಡಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಮಗಳಿಗೆಂದು.

ಗೈಬುಸಾಬ ತನ್ನ ಹೆಗಲ ವಸ್ತ್ರದಿಂದ ಕಲ್ಲು ಒರೆಸುತ್ತ ಗೊಣಗಿದ. “ಯಾವ ಮುತ್ಯಾನೂ ಅಲ್ಲವಾ ಇಂವ. ಬುದ್ಧ ದೇವ್ರು. ರಾಜನ ಮಗಾ. ಎಲ್ಲಾ ಇತ್ತು ಇವಗ, ಎಲ್ಲಾ ಬಿಟ್ಟ ಹ್ವಾದ.” ನೋಡಲು ಬಂದವರಿಗೆಲ್ಲ ಹೇಳುವ ಪಾಠ ಅದೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. “ಅರಮನಿ ಬಿಟ್ಟ, ಹೇಂತಿನ ಬಿಟ್ಟ, ಆಗಷ್ಟ ಹುಟ್ಟಿದ ಕೂಸಿನ್ನೂ ಬಿಟ್ಟ.”

ಹೊಳೆವ್ವ ಎದ್ದು ಕೂತಳು. “ಕೂಸಿನ್ನ?”

“ಹೌದವಾ. ಮಲಗಿತ್ತಂತ ತಾಯಿ ಬಾಜೂಕ. ಎತ್ತಿಕೊಂಡ್ರ ಹೋಗಾಕ ಕಾಲ ಏಳೂದಿಲ್ಲಂತ ಎತ್ತಿಕೊಳ್ಳಲೂ ಇಲ್ಲ, ಹ್ವಾದ.”

“ಆ ಕೂಸು ಉಳೀತೇನ್ರಿ?”

ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಕ್ಕಿಲ್ಲ. ಗೈಬುಸಾಬ ಗಡ್ಡ ಕೆರೆದುಕೊಂಡ. “ಉಳೀತವಾ. ದೊಡ್ಡಾಂವ ಆಗಿ ಅಪ್ಪನ್ನ ಹುಡಕ್ಯೊಂಡು ಹ್ವಾದಂತ.”

“ಬಿಟ್ಟ ಹೋದ್ರ ಉಳೀತು” ಎಂದಳು ಹೊಳೆವ್ವ.

ಸುಮ್ಮನೆ ಆಡಿದ ಮಾತೆಂದು ನಾನು ತಿಳಿದೆ. ಮೆಟ್ಟಿಲು ಇಳಿಯುವಾಗ ಕೂಸು ಬಿದ್ದೀತೆಂಬ ಹೆದರಿಕೆಯಲ್ಲಿ ನನಗೆ ಬೇರೆ ಏನೂ ತಲೆಗೆ ಹೋಗಲಿಲ್ಲ. ಕೆಳಗೆ ತೋಟದಲ್ಲಿ ಬುತ್ತಿ ಬಿಚ್ಚಿದಾಗ ಅವಳು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ಹುಲ್ಲನ್ನೂ ನೋಡಲಿಲ್ಲ.

ಸಂಕ್ರಾಂತಿ ಬಂತು, ಹೋಯಿತು. ಪರಸವ್ವನನ್ನು ಕರೆಯಲು ಯಾವಾಗ ಹೋಗುತ್ತೀಯೆಂದು ಕೇಳಿದರೆ “ಹೋಗೂದು ಇದ್ದ ಐತಲ್ಲ” ಎನ್ನುತ್ತಿದ್ದಳು. ಶಿವರಾತ್ರಿಯ ಹತ್ತಿರ ಪರಸವ್ವನ ಗಂಡ ಬೀರಣ್ಣ ಸಂತೆಗೆ ಬಂದವನು ನಮ್ಮ ಮನೆ ಹುಡುಕಿಕೊಂಡು ಬಂದ. ಹೊಳೆವ್ವ ಆಗಷ್ಟೇ ಎದ್ದು ಹೋಗಿದ್ದಳು. ಅವನು ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂರಲಿಲ್ಲ.

“ನಮ್ಮತ್ತಿ ಆರಾಮ ಅದಾಳೇನ್ರಿ?”

“ಆರಾಮ ಅದಾಳಲ್ಲ, ಯಾಕ?”

“ಕರಿಯಾಕ ಬರಲೇ ಇಲ್ಲ. ಅಕಿ ದಿನಾ ಬಾಗಲಾ ಕಾಯ್ತಾಳ್ರಿ. ಬಸ್ಸಿನ ಸಪ್ಪಳಾ ಬಂದ್ರ ಹೊರಗ ಬರ್ತಾಳ. ನಮ್ಮವ್ವ ಅಂತೂ, ಕರೀದ ಮನಿಗಿ ಸೊಸಿನ್ನ ಕಳಸಾಕಿ ಅಲ್ಲ ಅಂತ ಕುಂತಾಳ.”

“ಕೆಲಸ ಇರಬೇಕು, ಬರ್ತಾಳಪ್ಪಾ” ಎಂದೆ. ಅವನು ತಲೆಯಾಡಿಸಿದ. ನಂಬಿದಂತೆ ಕಾಣಲಿಲ್ಲ.

ಮರುದಿನ ಹೊಳೆವ್ವ ಬಂದಾಗ ನಾನು ಬಾಗಿಲು ಹಾಕಿ ಎದುರಿಗೆ ಕೂತೆ. ಯಾಕೆ ಹೋಗಲಿಲ್ಲವೆಂದು ಕೇಳಿದೆ. ಅವಳು ನನ್ನ ಕೂಸನ್ನು ತೊಡೆಯ ಮೇಲೆ ಕುಣಿಸುತ್ತ, ಕೂಸಿಗೇ ಹೇಳುವ ಹಾಗೆ ಹೇಳಿದಳು.

“ಏನ ಕೇಳಿದ್ರೂ ಕೊಡ್ತೇನಿ ಅಂದಿದ್ನಿ. ಅಂವ ಕೇಳ್ಯಾನ. ಆ ಸಾಬನ ಬಾಯಿಲೆ ಕೇಳ್ಯಾನ. ತಾನು ಹೆಂಗ ಬಿಟ್ಟಾನ, ನಾನೂ ಹಂಗ ಬಿಡಬೇಕು.”

“ಹೊಳೆವ್ವಾ, ಅದು ನಿಮ್ಮ ದೇವರ ಅಲ್ಲ. ಅಂವ ಯಾರಿಗೂ ಏನೂ ಕೇಳಿಲ್ಲ. ಅದು ಕತಿ.”

“ಯಾವ ದೇವರ ಆದ್ರೇನು, ಹಣಿ ಹಚ್ಚೇನಲ್ಲ? ಎರಡನ್ನೂ ನಾ ಹಿಡದೇನಿ, ಎರಡೂ ಹ್ವಾದುವು. ಅಂವ ಮುಟ್ಟದ ಹ್ವಾದ, ಅವನ ಕೂಸು ಉಳೀತು. ನಾ ಅಕೀನ್ನ ಕರಿಯಾಂಗಿಲ್ಲ. ಮಾರಿ ನೋಡಾಂಗಿಲ್ಲ. ದೊಡ್ಡದಾದ ಮ್ಯಾಲ ಅದೇ ನನ್ನ ಹುಡಕ್ಯೊಂಡು ಬರಲಿ.”

“ಡಾಕ್ಟರು ಹೇಳಿದ್ದು ಮರತಿಯೇನು? ಮನ್ಯಾಗ ಹಡದ್ರ ಪರಸವ್ವನೂ ಉಳಿಯೂದಿಲ್ಲ!”

ನಾನು ಕೂಗಿದ್ದಕ್ಕೆ ಕೂಸು ತುಟಿ ಮುದುಡಿತು. ಹೊಳೆವ್ವ ಅದನ್ನು ಎದೆಗೆ ಹಾಕಿಕೊಂಡು ತಟ್ಟಿದಳು. ನಾನೇ ಹೋಗಿ ಪರಸವ್ವನನ್ನು ಕರೆತರುತ್ತೇನೆಂದೆ. ಆಗ ಅವಳು ನನ್ನ ಬಲಗೈ ಹಿಡಿದು ಎಳೆದು ಕೂಸಿನ ನೆತ್ತಿಯ ಮೇಲಿಟ್ಟಳು, ಅದರ ಮೇಲೆ ತನ್ನ ಕೈ ಒತ್ತಿದಳು.

“ಆಣಿ ಮಾಡು. ಬಬಲೇಶ್ವರಕ್ಕ ನೀ ಹೋಗಾಂಗಿಲ್ಲ, ಸುದ್ದಿ ಮುಟ್ಟಸಾಂಗಿಲ್ಲ. ಈ ಗುಬ್ಬಿ ಆಣಿ.”

ಕೈ ಕಿತ್ತುಕೊಳ್ಳಬಹುದಿತ್ತು. ಕೂಸಿನ ನೆತ್ತಿ ನನ್ನ ಅಂಗೈ ಕೆಳಗೆ ಬೆಚ್ಚಗೆ ಮಿಡಿಯುತ್ತಿತ್ತು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇಡುತ್ತಿದ್ದಳು. ನಾನು “ಹೂಂ” ಎಂದೆ.

ನಮ್ಮವರಿಗೆ ಹೇಳಿದರೆ “ಓದಿದಾಕಿ ನೀ. ಆಣಿಗೆ ಹೆದರ್ತೀಯಾ?” ಎಂದು ನಕ್ಕರು. ಆ ವಾರ ಅವರನ್ನು ಚುನಾವಣೆಯ ಕೆಲಸಕ್ಕೆ ಹಾಕಿದರು. ನಗುವವರೂ ಮನೆಯಲ್ಲಿ ಇಲ್ಲದಂತಾಯಿತು. ಆಣೆಯನ್ನು ನಾನು ನಂಬುತ್ತಿರಲಿಲ್ಲ. ಆದರೆ ಚಪ್ಪಲಿ ಹಾಕಿ ಬಸ್ ಸ್ಟ್ಯಾಂಡಿಗೆ ಹೊರಟೆನೆಂದರೆ ಕೂಸು ಕೆಮ್ಮುತ್ತಿತ್ತು. ಒಂದು ದಿನ ಮೈ ಬಿಸಿಯೂ ಆಯಿತು. ಕಾಲೊಣಗಿದ ಕೂಸು, ಸಿಡುಬಿನ ಕೂಸು, ಉಸಿರು ಕಟ್ಟಿದ ಕೂಸು ಕಣ್ಣಿಗೆ ಕಟ್ಟುತ್ತಿದ್ದವು. ಅವುಗಳ ಹಿಂದೆಯೇ ಬಸ್ಸಿನ ಸಪ್ಪಳಕ್ಕೆ ಹೊರಗೆ ಬಂದು ನಿಲ್ಲುವ ಪರಸವ್ವ. ಒಂದು ಮಗುವನ್ನು ಉಳಿಸಲು ಇನ್ನೊಂದು ಮಗುವಿನ ಮೇಲಿನ ಆಣೆ ಮುರಿಯಬೇಕು, ಯಾವುದನ್ನು ಆರಿಸಿದರೂ ನಾನೇ ಕೊಂದಂತೆ ಎಂದು ಅನ್ನಿಸುತ್ತಿತ್ತು. ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬರುತ್ತಿದ್ದೆ.

ಹೋಳಿಯ ಮಗ್ಗುಲಲ್ಲಿ ಒಂದು ಬೆಳಿಗ್ಗೆ ಹೊಳೆವ್ವ ಹಾಲಿನ ಜೊತೆ ಏನನ್ನೋ ಸೆರಗಿನಲ್ಲಿ ಮುಚ್ಚಿ ತಂದಳು.

“ಗುಬ್ಬಿಗಿ ಹಾಕು.”

ಅದೊಂದು ಕುಂಚಿಗೆ. ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದದ್ದು, ಅಂಚಿಗೆ ಕೆಂಪು ಗೋಟು, ನೆತ್ತಿಯ ಮೇಲೆ ಮೆತ್ತಗಿನ ಕುರಿ ಉಣ್ಣೆಯ ಗೊಂಡೆ. ನನ್ನ ಮಗಳ ತಲೆಗೆ ಹಾಕಲು ನೋಡಿದೆ. ಹಿಡಿಸಲೇ ಇಲ್ಲ. ಅರ್ಧ ನೆತ್ತಿಗೂ ಬರಲಿಲ್ಲ. ಹುಟ್ಟಿದ ಕೂಸಿನ ಅಳತೆಗೆ ಹೊಲಿದದ್ದು ಅದು.

“ಹೊಳೆವ್ವಾ, ಇದು ಯಾರಿಗಂತ ಹೊಲದಿದ್ದಿ?”

“ಯಾರಿಗಿ ಬೇಕು ಇನ್ನ” ಎಂದಳು. “ಮನ್ಯಾಗಿದ್ರ ಕಣ್ಣಿಗಿ ಬೀಳ್ತೈತಿ.”

ಬಿಟ್ಟರೆ ಕೂಸು ಉಳಿಯುತ್ತದೆ ಎನ್ನುವ ನಂಬಿಕೆಯೂ ಅವಳಲ್ಲಿ ಉಳಿದಿರಲಿಲ್ಲ. ಹುಟ್ಟುವ ಮೊದಲೇ ಅವಳು ಅದರ ಬಟ್ಟೆಯನ್ನು ಮನೆಯಿಂದ ಹೊರಗೆ ಹಾಕಿದ್ದಳು. ಇನ್ನು ಯಾರಿಗಾಗಿ ನಾನು ಬಾಯಿ ಕಟ್ಟಿಕೊಂಡು ಕೂರುವುದು? ಚಪ್ಪಲಿ ಹಾಕಿಕೊಂಡೆ.

“ಎಲ್ಲಿಗಿ ತಂಗಿ?”

“ಪೋಸ್ಟ್ ಆಫೀಸಿಗೆ.”

ಪೋಸ್ಟ್ ಆಫೀಸಿನಲ್ಲಿ ನನಗೇನು ಕೆಲಸವೆಂದು ಅವಳು ಕೇಳಲಿಲ್ಲ. ಯಾವಾಗಿನಂತೆ ಕೂಸನ್ನು ಕಂಕುಳಿಗೇರಿಸಿಕೊಂಡು ಹಿಂದೆ ಬಂದಳು. ಬಬಲೇಶ್ವರದಲ್ಲಿ ನನ್ನ ಅತ್ತೆಯ ಸಂಬಂಧಿಕರಾದ ಶಿವಯೋಗೆಪ್ಪ ಕಾಕಾ ಅವರ ಹತ್ತಿ ಅಂಗಡಿಗೆ ಫೋನಿತ್ತು. ಕಿಟಕಿಯಲ್ಲಿ ಟ್ರಂಕ್ ಕಾಲಿಗೆ ಊರಿನ ಹೆಸರು ಹೇಳುವಾಗ ನಾನು ಹಿಂತಿರುಗಿ ನೋಡಲಿಲ್ಲ. ಲೈನು ಸಿಗುವವರೆಗೆ ಬೆಂಚಿನ ಮೇಲೆ ಕೂರಿ ಎಂದರು. ಹೊಳೆವ್ವ ಬಾಗಿಲ ಹತ್ತಿರ ನಿಂತಿದ್ದಳು.

“ಆಣಿ ಮಾಡೀದಿ” ಎಂದಳು.

“ಮಾಡೇನಿ.”

ಅಷ್ಟೇ. ಅವಳು ಕೂಸನ್ನು ಕೊಟ್ಟು ಹೊರಟುಹೋಗುತ್ತಾಳೆಂದುಕೊಂಡೆ, ಹೋಗಲಿಲ್ಲ. ಫೋನು ಕಿತ್ತು ಬಿಸಾಡುತ್ತಾಳೆಂದುಕೊಂಡೆ, ಅದನ್ನೂ ಮಾಡಲಿಲ್ಲ. ಬೆಂಚಿನ ಮೇಲೆ ಕೂತು ನಾನು ಕೂಸಿನ ಮುಖವನ್ನೇ ನೋಡುತ್ತಿದ್ದೆ. ಕೆಮ್ಮುತ್ತದೆಯೇ? ಈಗ ಕೆಮ್ಮುತ್ತದೆಯೇ?

“ಬಬಲೇಶ್ವರ! ಮಾತಾಡ್ರಿ!”

“ಹಲೋ, ಕಾಕಾ? ನಾ ನೀಲಾ ರೀ, ತಿಕೋಟಾದ ಸೊಸಿ. ವಿಜಾಪುರದಿಂದ.”

“ಏನವಾ ನೀಲಾ! ಎಲ್ಲಾರೂ ಆರಾಮ? ಕೂಸು?”

“ಕಾಕಾ, ಕುರಿ ಬೀರಣ್ಣನ ಮನಿ ಗೊತ್ತೈತೇನ್ರಿ? ಅವನ ಹೇಂತಿ ಪರಸವ್ವ—”

“ಅಯ್ಯ, ನಮ್ಮ ಹಿಂದಿನ ಓಣ್ಯಾಗ. ನಿನಗ ಸುದ್ದಿ ಮುಟ್ಟೇತೇನು? ನಿನ್ನಿ ಸಂಜಿಂದ ಬ್ಯಾನಿ ತಿನ್ನಾಕತ್ತಾಳ ಆ ಹುಡುಗಿ. ಸೂಲಗಿತ್ತಿ ಕೈ ಚೆಲ್ಯಾಳಂತ.”

ಮುಂದಿನ ಮಾತು ಗರಗರ ಸದ್ದಿನಲ್ಲಿ ಮುಳುಗಿತು. ನಾನು ಕೂಗಿದೆ. ಕಿಟಕಿಯಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

“ಏನರ ಗಾಡಿ ಮಾಡಿ ಕಳಸ್ರಿ ಕಾಕಾ! ದೊಡ್ಡ ದವಾಖಾನಿಗೆ!”

“ಜೀಪೆಲ್ಲಾ ಎಲೆಕ್ಷನ್ನಿಗೆ ಹೋಗ್ಯಾವ. ನಮ್ಮ ಹತ್ತಿ ಲಾರಿ ಐತಿ, ಅದರಾಗ ಹಾಕಿಸ್ತೇನಿ. ಆದ್ರ ಅವರತ್ತಿ ಬಿಡಬೇಕಲ್ಲವಾ. ತವರಿನಾವ್ರು ಕರೀಲೇ ಇಲ್ಲಂತ ಮುದುಕಿ ಬಾಗಲದಾಗ ಕುಂತಾಳ. ಆ ಹುಡುಗೀನೂ ಅವ್ವಾ ಬರಲಿ, ಅವ್ವಾ ಬರಲಿ ಅನ್ನಾಕತ್ತಾಳಂತ.”

ನಾನು ಬಾಗಿಲ ಕಡೆ ನೋಡಿದೆ. ನಾನು ಕೂಗಿದ್ದೆಲ್ಲ ಹೊಳೆವ್ವನಿಗೆ ಕೇಳಿಸಿತ್ತು. ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಆ ದೊಡ್ಡ ಒರಟು ಕೈ ನನ್ನ ಮಗಳ ನೆತ್ತಿಯನ್ನು ಪೂರ್ತಿ ಮುಚ್ಚಿತ್ತು. ಮುರಿದ ಆಣೆ ಕೂಸಿಗೆ ತಗಲಲೆಂದೋ, ತಗಲದಿರಲೆಂದೋ ನನಗೆ ತಿಳಿಯಲಿಲ್ಲ.

“ಕರಿಯಾಕತ್ತಾಳ್ರಿ ಕಾಕಾ,” ಎಂದೆ. “ಅವರವ್ವನೇ ಕರಿಯಾಕತ್ತಾಳ. ಇಲ್ಲೇ ನನ್ನ ಬಾಜೂಕ ನಿಂತಾಳ. ದವಾಖಾನಿ ಬಾಗಲದಾಗ ಕಾಯ್ತಿರ್ತಾಳಂತ ಹೇಳ್ರಿ. ಈಗಿಂದೀಗ ಹೋಗಿ ಹೇಳ್ರಿ ಕಾಕಾ, ಹಲೋ, ಅವ್ವಾ ಕರದಾಳಂತ ಹೇಳ್ರಿ…”

ಲೈನು ಯಾವಾಗ ಕಡಿಯಿತೋ ಗೊತ್ತಿಲ್ಲ. ಕೊನೆಯ ಮಾತು ಅವರಿಗೆ ಮುಟ್ಟಿತೋ ಇಲ್ಲವೋ ಅದೂ ಗೊತ್ತಿಲ್ಲ. ನಾನು ಹೇಳುತ್ತಲೇ ಇದ್ದೆ.